ಮೈನಸ್ ನಲವತ್ತರಲ್ಲಿ ಮೈ ಕಾಯುವುದು ಹೇಗೆ?

ನಮ್ಮ ತಲ್ಲೂರಿನಲ್ಲಿ ಚಳಿಗಾಲ ಬಂದದ್ದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಬಚ್ಚಲುಮನೆಯ ತೆಂಗಿನೆಣ್ಣೆ ಬಾಟಲಿಗೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೆ ಗಟ್ಟಿಯಾಗತೊಡಗುತ್ತದೆ. ಧನುರ್ಮಾಸದ ಬೆಳಿಗ್ಗೆ ಬಾಟಲಿ ಬೋರಲು ಹಾಕಿದರೂ ಒಂದು ಹನಿ ಬೀಳದಿದ್ದರೆ, ಅದನ್ನು ಹಂಡೆಯ ಒಲೆಯ ಪಕ್ಕ ಇಟ್ಟು, "ಎಂತ ಚಳಿ ಮಾರಾಯ್ರೆ" ಎಂದು ಅಂಗೈ ಉಜ್ಜಿಕೊಳ್ಳುತ್ತೇವೆ. ಗದ್ದೆಯಲ್ಲಿ ಬಯಲಾಟ ನೋಡಲು ಹೋದವರು ಬೆಳಗಿನ ಜಾವಕ್ಕೆ ಶಾಲನ್ನು ತಲೆಗೆ ಸುತ್ತಿಕೊಳ್ಳುತ್ತಾರೆ. ಕಷಾಯ, ಹುರುಳಿ ಸಾರು, ಬಿಸಿ ಗಂಜಿ ಇಷ್ಟಿದ್ದರೆ ನಮ್ಮ ಚಳಿಗಾಲ ಕಳೆಯಿತು. ಕರಾವಳಿಯವರಿಗೆ 18 ಡಿಗ್ರಿ ಎಂದರೆ ದೊಡ್ಡ ಸುದ್ದಿ.

ಘಟ್ಟ ಹತ್ತಿದರೆ ಲೆಕ್ಕ ಬೇರೆ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿತ್ತು, ಆ ದಾಖಲೆ ಇನ್ನೂ ಹಾಗೇ ಇದೆ. ನೀರು ಗಟ್ಟಿಯಾಗುವುದು ಸೊನ್ನೆ ಡಿಗ್ರಿಗೆ. ಅದಕ್ಕಿಂತ ಕೆಳಗಿನದು ಮೈನಸ್. ರಷ್ಯಾದ ಸೈಬೀರಿಯಾದಲ್ಲಿ ಒಯ್ಮ್ಯಾಕೋನ್ ಎಂಬ ಊರಿದೆ. ಅಲ್ಲಿ 1933ರಲ್ಲಿ ಮೈನಸ್ 67.7 ಡಿಗ್ರಿ ಇತ್ತು. ಅಂಟಾರ್ಕ್ಟಿಕಾದ ವೋಸ್ತೋಕ್ ಕೇಂದ್ರದಲ್ಲಿ 1983ರ ಜುಲೈ 21ರಂದು ಮೈನಸ್ 89.2. ಜುಲೈಯಲ್ಲಿ ಚಳಿಯೇ ಎಂದು ಕೇಳಬೇಡಿ, ದಕ್ಷಿಣ ಗೋಳಾರ್ಧದಲ್ಲಿ ಆಗಲೇ ಚಳಿಗಾಲ.

ಇಷ್ಟು ದೂರದ ಊರುಗಳ ಮಾತು ನಮಗೇಕೆ ಎಂದರೆ, ಎರಡು ಕಾರಣಗಳಿವೆ. ನಮ್ಮ ಹಳ್ಳಿಗಳಿಂದ ಹೋದ ಹುಡುಗರು ಸೈನಿಕರಾಗಿ ಹಿಮದ ಮೇಲೆ ಕಾವಲು ನಿಂತಿದ್ದಾರೆ. ಇನ್ನೊಂದು, ಕುಂದಾಪುರ, ಬೈಂದೂರಿನ ಎಷ್ಟೋ ಮನೆಗಳಲ್ಲಿ ಈಗ ಅಜ್ಜ ಅಜ್ಜಿ ಇರುವುದು ಇಲ್ಲಿ, ಮೊಮ್ಮಕ್ಕಳು ಇರುವುದು ಶಿಕಾಗೋದಲ್ಲೋ ಟೊರೊಂಟೋದಲ್ಲೋ. ಬಾಣಂತನಕ್ಕೆಂದು ಡಿಸೆಂಬರಿನಲ್ಲಿ ವಿಮಾನ ಹತ್ತುವ ಅಜ್ಜಿಯ ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಇರುತ್ತದೆ, ಉಣ್ಣೆಯ ಕಾಲುಚೀಲ ಇರುವುದಿಲ್ಲ.

ಮೊದಲು ಸೈನಿಕನ ಕಥೆ.

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನಲ್ಲಿ ಬೆಟದೂರು ಎಂಬ ಹಳ್ಳಿ. ಅಲ್ಲಿಯ ರೈತ ಕುಟುಂಬದ ಹುಡುಗ ಹನುಮಂತಪ್ಪ ಕೊಪ್ಪದ. ಸೈನ್ಯ ಸೇರಲು ಹೋಗಿ ಮೂರು ಸಲ ಆಯ್ಕೆಯಾಗದೆ ವಾಪಸು ಬಂದಿದ್ದರಂತೆ. ಆದರೂ ಬಿಡದೆ 2002ರಲ್ಲಿ ಮದ್ರಾಸ್ ರೆಜಿಮೆಂಟಿಗೆ ಸೇರಿದರು. ಹದಿಮೂರು ವರ್ಷದ ನೌಕರಿಯಲ್ಲಿ ಹತ್ತು ವರ್ಷ ಕಷ್ಟದ ಜಾಗಗಳಲ್ಲೇ ಕಳೆಯಿತು. 2015ರಲ್ಲಿ ಅವರ 19ನೇ ಬೆಟಾಲಿಯನ್ ಸಿಯಾಚಿನ್‌ಗೆ ಹೋಯಿತು.

ಸಿಯಾಚಿನ್ ಎಂದರೆ ಲಡಾಖ್‌ನ ಉತ್ತರ ತುದಿಯ 76 ಕಿಲೋಮೀಟರ್ ಉದ್ದದ ಹಿಮನದಿ. 1984ರ ಏಪ್ರಿಲ್ 13ರಂದು 'ಆಪರೇಷನ್ ಮೇಘದೂತ್' ಎಂಬ ಹೆಸರಿನಲ್ಲಿ ನಮ್ಮ ಸೈನ್ಯ ಅಲ್ಲಿಗೆ ಏರಿತು. ಅಂದಿನಿಂದ ಇಳಿದಿಲ್ಲ. ಅಲ್ಲಿ ಗುಂಡೇಟಿಗೆ ಸತ್ತವರಿಗಿಂತ ಚಳಿ, ಹಿಮ, ತೆಳುಗಾಳಿಗೆ ಸತ್ತವರೇ ಹೆಚ್ಚು. ಹನುಮಂತಪ್ಪ ಮತ್ತು ಒಂಬತ್ತು ಜನ ಸಂಗಡಿಗರು ಇದ್ದ ಸೋನಮ್ ಎಂಬ ಠಾಣೆಯ ಎತ್ತರ ಸುಮಾರು 19,600 ಅಡಿ. ನಮ್ಮ ಕೊಡಚಾದ್ರಿ 4,400 ಅಡಿ. ನಾಲ್ಕು ಕೊಡಚಾದ್ರಿಗಳನ್ನು ಒಂದರ ಮೇಲೊಂದು ಪೇರಿಸಿದರೂ ಸೋನಮ್ ಮುಟ್ಟುವುದಿಲ್ಲ.

ಮಕ್ಕಳೇ, ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. ಮೇಲೆ ಹೋದ ಹಾಗೆ ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಉಷ್ಣ ಇಳಿಯುತ್ತದೆ. 19,600 ಅಡಿ ಎಂದರೆ ಹತ್ತಿರ ಹತ್ತಿರ 6,000 ಮೀಟರ್. ಆರನ್ನು ಆರೂವರೆಯಿಂದ ಗುಣಿಸಿದರೆ 39. ತಲ್ಲೂರಿನಲ್ಲಿ 30 ಡಿಗ್ರಿ ಬಿಸಿಲಿರುವಾಗ ನಮ್ಮ ತಲೆಯ ಮೇಲೆ ನೇರ ಅಷ್ಟು ಎತ್ತರದಲ್ಲಿ ಮೈನಸ್ 9. ಅದಕ್ಕೆ ಉತ್ತರದ ಚಳಿಗಾಲವನ್ನೂ ರಾತ್ರಿಯನ್ನೂ ಸೇರಿಸಿ. ಸಿಯಾಚಿನ್‌ನಲ್ಲಿ ಫೆಬ್ರವರಿಯ ರಾತ್ರಿ ಮೈನಸ್ 40ರ ಕೆಳಗೆ ಹೋಗುವುದು ಹೀಗೆ. ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರದ ದಂಡೆಯಲ್ಲಿ ಸಿಗುವುದರ ಅರ್ಧದಷ್ಟು ಮಾತ್ರ.

2016ರ ಫೆಬ್ರವರಿ 3, ಬುಧವಾರ. ಸುಮಾರು ಒಂದು ಕಿಲೋಮೀಟರ್ ಅಗಲದ ಹಿಮದ ಗೋಡೆ ಕಳಚಿ ಠಾಣೆಯ ಮೇಲೆ ಬಿತ್ತು. ಹತ್ತು ಜನರೂ ಹೂತುಹೋದರು. ಬಿದ್ದದ್ದು ಅಕ್ಕಿಹಿಟ್ಟಿನಂಥ ಮೆತ್ತಗಿನ ಹಿಮವಲ್ಲ, ಸಿಮೆಂಟಿನಂತೆ ಗಟ್ಟಿಯಾದ ಮಂಜುಗಡ್ಡೆಯ ಬಂಡೆಗಳು. ಕಲ್ಲು ಕೊರೆಯುವ ಯಂತ್ರ, ವಿದ್ಯುತ್ ಗರಗಸ, ನೆಲದೊಳಗನ್ನು ನೋಡುವ ರಾಡಾರ್ ಎಲ್ಲವನ್ನೂ ಹೆಲಿಕಾಪ್ಟರಿನಲ್ಲಿ ಬಿಡಿಬಿಡಿಯಾಗಿ ಮೇಲಕ್ಕೆ ಸಾಗಿಸಬೇಕಾಯಿತು. ನೂರೈವತ್ತಕ್ಕೂ ಹೆಚ್ಚು ಸೈನಿಕರು, ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳು ಹುಡುಕಾಟಕ್ಕೆ ಇಳಿದವು. ಆ ಎತ್ತರದಲ್ಲಿ ಹತ್ತು ನಿಮಿಷ ಅಗೆದರೆ ಎದೆ ಬಾಯಿಗೆ ಬರುತ್ತದೆ. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, ಬದುಕಿರುವ ಆಸೆ ಇಲ್ಲ ಎಂದು ದೆಹಲಿಯಿಂದ ಹೇಳಿಕೆಯೂ ಬಂತು. ಆದರೂ ಅವರು ಅಗೆಯುವುದನ್ನು ನಿಲ್ಲಿಸಲಿಲ್ಲ.

ಫೆಬ್ರವರಿ 8, ಸೋಮವಾರ ಸಂಜೆ. ಸುಮಾರು 25 ಅಡಿ ಆಳದಲ್ಲಿ ಒಂದು ಗುಡಾರ ಸಿಕ್ಕಿತು. ಅದರೊಳಗೆ ಹನುಮಂತಪ್ಪ ಉಸಿರಾಡುತ್ತಿದ್ದರು!

ಈ ಕಥೆಯನ್ನು ಪಕ್ಕದ ಮನೆಯ ಹುಡುಗನಿಗೆ ಹೇಳುವಾಗ ಅವನು ಇಲ್ಲಿ ತಡೆದು ಕೇಳಿದ, "ಅಜ್ಜಯ್ಯಾ, ಅವ್ರ್ ಆರ್ ದಿನ ಹ್ಯಾಂಗ್ ಬದ್ಕಿದ್ರ್?" ಪ್ರಶ್ನೆ ಸರಿಯಾದದ್ದೇ. ಹಿಮದಡಿ ಸಿಕ್ಕಿದವರು ಸಾಮಾನ್ಯವಾಗಿ ಸಾಯುವುದು ಚಳಿಯಿಂದಲ್ಲ, ಉಸಿರುಗಟ್ಟಿ. ಹನುಮಂತಪ್ಪನವರ ಗುಡಾರ ಪೂರ್ತಿ ಚಪ್ಪಟೆಯಾಗದೆ ಒಳಗೆ ಒಂದಿಷ್ಟು ಗಾಳಿಯ ಜಾಗ ಉಳಿದಿತ್ತು. ಇನ್ನೊಂದು ವಿಚಿತ್ರ ನೋಡಿ. ಅವರನ್ನು ಹೂತ ಹಿಮವೇ ಅವರಿಗೆ ಹೊದಿಕೆಯೂ ಆಯಿತು. ಹಿಮದ ಕಣಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ನಿಂತ ಗಾಳಿ ಶಾಖವನ್ನು ಬೇಗ ದಾಟಿಸುವುದಿಲ್ಲ. ಹೊರಗೆ ಮೈನಸ್ 40 ಇದ್ದು ಗಾಳಿ ಬೀಸುತ್ತಿದ್ದರೂ ಹಿಮದಾಳದಲ್ಲಿ ಅಷ್ಟು ಕೊರೆತ ಇರುವುದಿಲ್ಲ. ಉತ್ತರ ಧ್ರುವದ ಕಡೆಯ ಇನ್ಯುಇಟ್ ಜನ ಹಿಮದ ಇಟ್ಟಿಗೆಯಿಂದಲೇ ಇಗ್ಲೂ ಕಟ್ಟಿಕೊಳ್ಳುವುದು ಇದೇ ಲೆಕ್ಕದಲ್ಲಿ. ನಮ್ಮ ಹುಲ್ಲುಕುತ್ತರಿಯೊಳಗೆ ಕೈ ಹಾಕಿದರೆ ಬೆಚ್ಚಗಿರುವುದೂ, ಕಂಬಳಿ ಬೆಚ್ಚಗಿರುವುದೂ ಒಳಗೆ ಸಿಕ್ಕಿಕೊಂಡ ಗಾಳಿಯಿಂದ. ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ನಮ್ಮ ಬಿಸಿಯನ್ನು ನಮಗೇ ಉಳಿಸಿಕೊಡುತ್ತದೆ.

ಹಿಮದಿಂದ ಹೊರತೆಗೆದಾಗ ಅವರಿಗೆ ಅರೆ ಎಚ್ಚರವಿತ್ತು. ನೀರಿಲ್ಲದೆ ಮೈ ಬತ್ತಿತ್ತು, ರಕ್ತದ ಒತ್ತಡ ಕುಸಿದಿತ್ತು. ಠಾಣೆಯಲ್ಲೇ ವೈದ್ಯರು ಬೆಚ್ಚಗಿನ ದ್ರವವನ್ನು ನರಕ್ಕೆ ಹನಿಸಿದರು, ಬೆಚ್ಚಗೆ ಮಾಡಿದ ಆಮ್ಲಜನಕ ಕೊಟ್ಟರು. ಮರುದಿನ ಬೆಳಿಗ್ಗೆ ಹೆಲಿಕಾಪ್ಟರಿನಲ್ಲಿ ಕೆಳಗೆ, ಅಲ್ಲಿಂದ ಥೊಯಿಸ್ ವಿಮಾನ ನೆಲೆಗೆ, ಅಲ್ಲಿಂದ ದೆಹಲಿಯ ಸೇನಾ ಆಸ್ಪತ್ರೆಗೆ. ವೈದ್ಯರ ವರದಿಯಲ್ಲಿ ಒಂದು ಸಾಲು ನನ್ನ ಮನಸ್ಸಿನಲ್ಲಿ ಉಳಿದಿದೆ: ಮೈಯಲ್ಲಿ ಎಲ್ಲಿಯೂ ಮೂಳೆ ಮುರಿದಿಲ್ಲ, ಚಳಿಗೆ ಬೆರಳುಗಳು ಸತ್ತಿಲ್ಲ. ಆದರೆ ತಣ್ಣಗಾಗಿದ್ದ ಅಂಗಗಳಿಗೆ ರಕ್ತ ಮತ್ತೆ ಹರಿಯತೊಡಗಿದಾಗ ತೊಂದರೆ ಆಗಬಹುದು, ಮುಂದಿನ 24ರಿಂದ 48 ಗಂಟೆ ಕಷ್ಟದ್ದು ಎಂದೂ ಅದರಲ್ಲಿತ್ತು.

ದೇಶವಿಡೀ ಆ ಎರಡು ದಿನ ಕಾದಿತು. ಊರೂರಿನ ದೇವಸ್ಥಾನ, ಮಸೀದಿ, ಚರ್ಚುಗಳಲ್ಲಿ ಪ್ರಾರ್ಥನೆ ನಡೆಯಿತು. ಮೂತ್ರಪಿಂಡ ಕೊಡುತ್ತೇವೆ ಎಂದು ಗುರುತಿಲ್ಲದವರು ಮುಂದೆ ಬಂದರು. ಮೂತ್ರಪಿಂಡ, ಯಕೃತ್ತು, ಶ್ವಾಸಕೋಶ ಒಂದೊಂದಾಗಿ ಸೋತವು. ಫೆಬ್ರವರಿ 11ರ ಗುರುವಾರ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಲಾನ್ಸ್ ನಾಯಕ್ ಹನುಮಂತಪ್ಪ ತೀರಿಕೊಂಡರು. ವಯಸ್ಸು 33. ಊರಿನಲ್ಲಿ ಹೆಂಡತಿ, ಇನ್ನೂ ಮಾತು ಕಲಿಯುತ್ತಿದ್ದ ಪುಟ್ಟ ಮಗಳು. ಅದೇ ಹಿಮದಡಿ ತೀರಿಹೋದವರಲ್ಲಿ ಕರ್ನಾಟಕದವರು ಇನ್ನಿಬ್ಬರಿದ್ದರು, ಹಾಸನದ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ ಮತ್ತು ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಪಿ.ಎನ್. ಮಹೇಶ. ಬದುಕಿ ಬಂದವನ ಹೆಸರು ನಮಗೆಲ್ಲ ನೆನಪಿರುತ್ತದೆ, ಈ ಎರಡು ಹೆಸರುಗಳನ್ನೂ ಮಕ್ಕಳು ಓದಿಕೊಳ್ಳಲಿ ಎಂದು ಬರೆದೆ.

ಈಗ ಮೈ ಚಳಿಯನ್ನು ಹೇಗೆ ಎದುರಿಸುತ್ತದೆ ಎಂಬುದು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಬರೆದು ಮುದುಕನಾದ ನನಗೆ ಇದು ಅರ್ಥವಾಗುವುದು ಬ್ಯಾಂಕಿನ ಭಾಷೆಯಲ್ಲೇ. ನಮ್ಮ ಮೈಯಲ್ಲಿ ಶಾಖದ ಹೆಡ್ ಆಫೀಸ್ ಒಂದಿದೆ: ಹೃದಯ, ಶ್ವಾಸಕೋಶ, ಮಿದುಳು. ಕೈಬೆರಳು, ಕಾಲ್ಬೆರಳು, ಮೂಗು, ಕಿವಿ ಎಲ್ಲ ಶಾಖೆಗಳು. ಹೆಡ್ ಆಫೀಸಿನಲ್ಲಿ ಯಾವಾಗಲೂ 37 ಡಿಗ್ರಿ ಬಾಕಿ ಇರಬೇಕು. ಹೊರಗೆ ಚಳಿ ಹೆಚ್ಚಾದಾಗ ಮೈ ಮೊದಲು ಮಾಡುವ ಕೆಲಸ ಶಾಖೆಗಳಿಗೆ ಕಳಿಸುವ ಬಿಸಿರಕ್ತವನ್ನು ಕಡಿಮೆ ಮಾಡುವುದು. ಬೆರಳು ಬಿಳುಪೇರುವುದು, ಮರಗಟ್ಟುವುದು ಅದಕ್ಕೇ. ಶಾಖೆ ಮುಚ್ಚಿದರೂ ಪರವಾಗಿಲ್ಲ, ಹೆಡ್ ಆಫೀಸ್ ಉಳಿಯಲಿ ಎಂಬ ಕಠಿಣ ತೀರ್ಮಾನ ಅದು. ಬೆರಳು ಹಾಗೇ ತುಂಬ ಹೊತ್ತು ಉಳಿದರೆ ಒಳಗಿನ ನೀರು ಹೆಪ್ಪುಗಟ್ಟಿ ಜೀವಕೋಶ ಸಾಯುತ್ತದೆ. ಕೊನೆಗೆ ಬೆರಳನ್ನೇ ಕತ್ತರಿಸಬೇಕಾದೀತು. ಇದೇ ಹಿಮಕಡಿತ.

ಎರಡನೆಯ ಕೆಲಸ ನಡುಕ. ನಡುಕ ಬಂದರೆ ನಾಚಿಕೆ ಬೇಡ, ಸ್ನಾಯುಗಳು ದುಡಿದು ಬಿಸಿ ಹುಟ್ಟಿಸುತ್ತಿವೆ ಎಂದರ್ಥ. ಹೆಡ್ ಆಫೀಸಿನ ಬಾಕಿ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ, ಗುಂಡಿ ಹಾಕಲು ಬೆರಳು ಕೇಳುವುದಿಲ್ಲ, ಮಂಪರು ಕವಿಯುತ್ತದೆ. 32ಕ್ಕಿಂತ ಕೆಳಗೆ ಹೋದಂತೆ ನಡುಕ ನಿಂತುಬಿಡುತ್ತದೆ. ನೋಡುವವರು 'ಈಗ ಚಳಿ ಬಿಟ್ಟಿತು' ಎಂದುಕೊಳ್ಳುತ್ತಾರೆ. ನಿಜವಾಗಿ ಅದು ಖಾತೆಯಲ್ಲಿ ಹಣ ಮುಗಿದ ಸೂಚನೆ. ಚಳಿಯಲ್ಲಿದ್ದವರ ನಡುಕ ಬೆಚ್ಚಗಾಗದೆಯೇ ನಿಂತರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಆದರೆ ತಣ್ಣಗಾದ ಮೈಯನ್ನು ಸತ್ತಿತೆಂದು ಬೇಗ ಕೈಬಿಡಲೂ ಬಾರದು. 1999ರ ಮೇಯಲ್ಲಿ ನಾರ್ವೆ ದೇಶದಲ್ಲಿ ಅನ್ನಾ ಬೊಗೆನ್‌ಹೋಮ್ ಎಂಬ ವೈದ್ಯೆ ಹಿಮದ ಮೇಲೆ ಜಾರಾಟವಾಡುತ್ತ ಮಂಜುಗಡ್ಡೆ ಮುಚ್ಚಿದ ಹೊಳೆಗೆ ಬಿದ್ದರು. ಎಂಬತ್ತು ನಿಮಿಷ ಅಲ್ಲೇ ಸಿಕ್ಕಿಕೊಂಡಿದ್ದರು. ಆಸ್ಪತ್ರೆಗೆ ತಂದಾಗ ಮೈಯ ಬಿಸಿ 13.7 ಡಿಗ್ರಿ, ಹೃದಯ ನಿಂತಿತ್ತು. ವೈದ್ಯರು ರಕ್ತವನ್ನು ಯಂತ್ರದ ಮೂಲಕ ಹೊರತೆಗೆದು ಬೆಚ್ಚಗೆ ಮಾಡಿ ಒಳಗೆ ಹರಿಸಿದರು. ಹೃದಯ ಮತ್ತೆ ಬಡಿಯಿತು. ತಿಂಗಳುಗಟ್ಟಲೆ ಚಿಕಿತ್ಸೆಯ ನಂತರ ಅವರು ವೈದ್ಯವೃತ್ತಿಗೆ ಮರಳಿದರು. ತೀರಾ ತಣ್ಣಗಾದಾಗ ಮಿದುಳಿಗೆ ಬೇಕಾಗುವ ಆಮ್ಲಜನಕವೂ ಬಹಳ ಕಡಿಮೆಯಾಗುತ್ತದೆ, ಅದೇ ಅವರನ್ನು ಉಳಿಸಿತು. ಹನುಮಂತಪ್ಪನವರದು ಎಂಬತ್ತು ನಿಮಿಷದ ಮಾತಲ್ಲ, ಆರು ದಿನ ಅನ್ನ ನೀರಿಲ್ಲದೆ ಅರ್ಧ ಉಸಿರಿನಲ್ಲಿ ಕಳೆದದ್ದು.

ಅಂಥ ಕಡೆ ಸೈನಿಕರು ಸಿದ್ಧರಾಗುವ ಕ್ರಮ ಗೊತ್ತಿರಬೇಕು. ಯಾರನ್ನೂ ವಿಮಾನದಿಂದಿಳಿಸಿ ನೇರ ಮೇಲೆ ಹತ್ತಿಸುವುದಿಲ್ಲ. 9,000ದಿಂದ 12,000 ಅಡಿಯ ನಡುವೆ ಆರು ದಿನ, 15,000 ಅಡಿಯವರೆಗೆ ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು ದಿನ ಮೈಯನ್ನು ಹೊಂದಿಸಿಕೊಳ್ಳಬೇಕು. ಮೊದಲೆರಡು ದಿನ ವಿಶ್ರಾಂತಿಯೇ ಕೆಲಸ. ನಡೆಯುವಾಗ ಎಲ್ಲರ ಸೊಂಟಕ್ಕೂ ಒಂದೇ ಹಗ್ಗ, ಒಬ್ಬ ಹಿಮದ ಬಿರುಕಿಗೆ ಬಿದ್ದರೆ ಉಳಿದವರು ಎಳೆದು ಹಿಡಿಯುತ್ತಾರೆ. ಬೇಗ ನಡೆದು ಬೆವರುವಂತಿಲ್ಲ, ಬೆವರು ಒಳಗೇ ಗಡ್ಡೆಯಾಗುತ್ತದೆ. ಬರಿಗೈಯಲ್ಲಿ ಬಂದೂಕಿನ ಕಬ್ಬಿಣ ಮುಟ್ಟುವಂತಿಲ್ಲ, ಚರ್ಮ ಅಂಟಿಕೊಂಡು ಕಿತ್ತು ಬರುತ್ತದೆ. ಕುಡಿಯುವ ನೀರು ಬೇಕಾದರೆ ಸೀಮೆಎಣ್ಣೆ ಒಲೆಯ ಮೇಲೆ ಹಿಮ ಕರಗಿಸಬೇಕು. ಕಿತ್ತಳೆ ಕ್ರಿಕೆಟ್ ಚೆಂಡಿನಂತಾಗುತ್ತದೆ. ಮೊಟ್ಟೆಯನ್ನು ಸುತ್ತಿಗೆಯಿಂದ ಹೊಡೆದರೂ ಒಡೆಯದ್ದನ್ನು ಸೈನಿಕರು ನಗುತ್ತ ತೋರಿಸಿದ ವಿಡಿಯೋ ಕೆಲವು ವರ್ಷಗಳ ಹಿಂದೆ ಎಲ್ಲರ ಮೊಬೈಲಿಗೂ ಬಂದಿತ್ತು.

ಅಡುಗೆಯದ್ದು ಇನ್ನೊಂದು ಪಾಡು. ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 80 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಕುದಿದರೂ ಬೇಳೆ ಬೇಯುವುದಿಲ್ಲ, ಪ್ರೆಶರ್ ಕುಕ್ಕರ್ ಬೇಕೇ ಬೇಕು. ಹಸಿವೂ ಸತ್ತುಹೋಗುತ್ತದೆ. ಈ ತೊಂದರೆಗೆ ಉತ್ತರ ಹುಡುಕುತ್ತಿರುವುದು ನಮ್ಮ ಮೈಸೂರು. 1961ರಲ್ಲಿ ಅಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ತಿಂಗಳುಗಟ್ಟಲೆ ಕೆಡದ ಚಪಾತಿ, ಪೊಟ್ಟಣ ಬಿಸಿ ಮಾಡಿದರೆ ಸಾಕೆನಿಸುವ ಪಲಾವ್, ಪಲ್ಯಗಳನ್ನು ಸೈನ್ಯಕ್ಕೆಂದು ರೂಪಿಸಿತು. ಇಂದು ಅಂಗಡಿಯಲ್ಲಿ ಸಿಗುವ ಸಿದ್ಧ ಊಟದ ಪೊಟ್ಟಣಗಳ ಹಿಂದೆಯೂ ಅದೇ ಪ್ರಯೋಗಾಲಯದ ತಂತ್ರ ಇದೆ. ಪ್ರಯಾಣಕ್ಕೆ ಅಂಥ ಪೊಟ್ಟಣ ಒಯ್ಯುವ ಅಜ್ಜಿಯರಿಗೆ ಇದು ಗೊತ್ತಿರಲಿ.

ಚಳಿಯ ವಿರುದ್ಧದ ಯುದ್ಧವನ್ನು ಚಳಿಗಾಲ ಬರುವ ಮೊದಲೇ ಮಾಡಬೇಕೆಂದು ತೋರಿಸಿದವರು ಒಬ್ಬ ಕೊಡಗಿನವರು. ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ 1948ರಲ್ಲಿ ಕಾಶ್ಮೀರದಲ್ಲಿ ಮೇಜರ್ ಜನರಲ್. ಲೇಹ್ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಜೋಜಿ ಲಾ ಎಂಬ ಕಣಿವೆ, ಎತ್ತರ ಹನ್ನೊಂದು ಸಾವಿರ ಅಡಿಗೂ ಮೇಲೆ. ಅದು ಶತ್ರುವಿನ ಕೈಯಲ್ಲಿತ್ತು. ಹಿಮ ಬಿದ್ದು ದಾರಿ ಮುಚ್ಚಿದರೆ ಲೇಹ್ ಚಳಿಗಾಲವಿಡೀ ಒಂಟಿ. ತಿಮ್ಮಯ್ಯನವರು ಸ್ಟುವರ್ಟ್ ಟ್ಯಾಂಕುಗಳ ಗೋಪುರ ಕಳಚಿ, ಯಾರಿಗೂ ಸುಳಿವು ಸಿಗದಂತೆ ಮೇಲಕ್ಕೆ ತರಿಸಿದರು. ಮದ್ರಾಸ್ ಸ್ಯಾಪರ್ಸ್ ದಳದವರು ಹೇಸರಗತ್ತೆ ಹೋಗುವ ಜಾಡನ್ನು ಟ್ಯಾಂಕ್ ಹೋಗುವ ರಸ್ತೆ ಮಾಡಿದರು. ಆ ದಳದ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ನವೆಂಬರ್ 1ರಂದು ಟ್ಯಾಂಕುಗಳು ಜೋಜಿ ಲಾ ಏರಿದವು, ಮುಂದಿನ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯ. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರುತ್ತದೆಂದು ಎದುರಾಳಿಗಳು ಕನಸಿನಲ್ಲೂ ಎಣಿಸಿರಲಿಲ್ಲ. ಇದಕ್ಕೆ ಹದಿನಾಲ್ಕು ವರ್ಷಗಳ ನಂತರ, 1962ರಲ್ಲಿ, ಚೀನಾ ಗಡಿಗೆ ನಮ್ಮ ಸೈನಿಕರನ್ನು ಹತ್ತಿಬಟ್ಟೆ, ಕ್ಯಾನ್ವಾಸ್ ಬೂಟಿನಲ್ಲಿ ಕಳಿಸಿದ್ದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಲಡಾಖ್‌ನ ಹಳ್ಳಿಯವರು ಇದನ್ನು ಯಾವ ಶಾಲೆಯಲ್ಲೂ ಕಲಿಯಬೇಕಿಲ್ಲ. ಬೇಸಿಗೆಯಲ್ಲೇ ಸೊಪ್ಪು, ತರಕಾರಿ ಒಣಗಿಸಿಡುತ್ತಾರೆ. ಗೆಡ್ಡೆಗಳನ್ನು ನೆಲದ ಗುಂಡಿಯಲ್ಲಿ ಮುಚ್ಚಿಡುತ್ತಾರೆ, ಮಣ್ಣಿನಡಿ ಹೆಪ್ಪುಗಟ್ಟುವುದಿಲ್ಲ. ಬೆರಣಿಯನ್ನೂ ಕಡ್ಡಿಯನ್ನೂ ಮನೆಯ ಮಾಡಿನ ಮೇಲೆ ಒಟ್ಟುತ್ತಾರೆ. ಮನೆಯ ಕೆಳ ಅಂತಸ್ತಿನಲ್ಲಿ ದನ, ಕುರಿ. ಅವುಗಳ ಮೈಬಿಸಿ ಮೇಲಿನವರಿಗೆ. ಮಳೆಗಾಲಕ್ಕೆ ನಾವು ಸೌದೆ ಒಟ್ಟಿ, ಹಪ್ಪಳ ಒಣಗಿಸಿ, ಉಪ್ಪಿನಲ್ಲಿ ಹಲಸಿನ ತೊಳೆ ಹಾಕಿಡುತ್ತಿದ್ದೆವಲ್ಲ, ಅದೇ ಬುದ್ಧಿ.

ಇನ್ನು ವಿದೇಶಕ್ಕೆ ಹೋಗುವ ಅಜ್ಜ ಅಜ್ಜಿಯರ ವಿಷಯ. ವಿದ್ಯಾರಣ್ಯ ಕನ್ನಡ ಕೂಟದ ಊರಾದ ಶಿಕಾಗೋದಲ್ಲಿ 2019ರ ಜನವರಿ 30ರಂದು ಮೈನಸ್ 30.6 ಡಿಗ್ರಿ ಇತ್ತು. ಅಮೆರಿಕದವರು ಫ್ಯಾರನ್‌ಹೀಟ್‌ನಲ್ಲಿ ಹೇಳುತ್ತಾರೆ, ಎಚ್ಚರ. "ಅಜ್ಜಿ, ಹೊರಗೆ 20 ಡಿಗ್ರಿ" ಎಂದು ಮೊಮ್ಮಗಳು ಹೇಳಿದರೆ ತಲ್ಲೂರಿನ ಮುಂಜಾನೆ ಎಂದುಕೊಂಡು ಬರಿಗಾಲಲ್ಲಿ ಬಾಗಿಲು ತೆಗೆಯಬೇಡಿ. ಅದು ನಮ್ಮ ಲೆಕ್ಕದಲ್ಲಿ ಮೈನಸ್ 7. ಎರಡೂ ಅಳತೆ ಒಂದೇ ಆಗುವುದು ಮೈನಸ್ 40ರಲ್ಲಿ ಮಾತ್ರ, ಮಕ್ಕಳು ಬೇಕಾದರೆ ಸೂತ್ರ ಹಾಕಿ ನೋಡಲಿ.

ಗಾಳಿಯ ಲೆಕ್ಕವೂ ಬೇರೆ. ನಮ್ಮ ಚರ್ಮದ ಸುತ್ತ ಬೆಚ್ಚಗಿನ ಗಾಳಿಯ ತೆಳು ಪದರ ಇರುತ್ತದೆ. ಬೀಸುವ ಗಾಳಿ ಅದನ್ನು ಕಿತ್ತೊಯ್ಯುತ್ತದೆ. ಮೈನಸ್ 20 ಇರುವಾಗ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ಮೈನಸ್ 33ರಂತೆ ತಾಗುತ್ತದೆ. ಹಾಗಾಗಿ ಹವಾಮಾನದ ಸುದ್ದಿಯಲ್ಲಿ ಎರಡು ಅಂಕಿ ಹೇಳಿದರೆ ಕೆಳಗಿನದ್ದನ್ನೇ ನಂಬಿ.

ಬಟ್ಟೆ ಒಂದೇ ದಪ್ಪದ್ದು ಬೇಡ, ಮೂರು ಪದರ ಬೇಕು. ಮೈಗೆ ತಾಗುವ ಮೊದಲ ಪದರ ಬೆವರನ್ನು ಹೀರಿ ಹೊರಬಿಡುವ ಉಣ್ಣೆ ಅಥವಾ ಪಾಲಿಯೆಸ್ಟರ್. ನಮ್ಮ ಪ್ರೀತಿಯ ಹತ್ತಿ ಬನಿಯನ್ ಇಲ್ಲಿ ಶತ್ರು, ಒದ್ದೆಯಾದರೆ ಬೇಗ ಒಣಗುವುದೇ ಇಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಬಿಸಿ ಕಸಿಯುತ್ತದೆ. ನಡುವಿನ ಪದರ ಗಾಳಿ ಹಿಡಿದಿಡುವ ಉಣ್ಣೆಯದ್ದು. ಹೊರಗಿನದು ಗಾಳಿ, ನೀರು ತಡೆಯುವಂಥದು. ಬಿಡಿ ಬೆರಳಿನ ಕೈಗವಸಿಗಿಂತ ನಾಲ್ಕು ಬೆರಳೂ ಒಟ್ಟಿಗಿರುವ ಚೀಲದಂಥ ಗವಸು ಬೆಚ್ಚಗೆ, ಬೆರಳುಗಳು ಒಂದನ್ನೊಂದು ಕಾಯಿಸುತ್ತವೆ. ಬೂಟಿನೊಳಗೆ ಎರಡು ಬಿಗಿ ಕಾಲುಚೀಲ ತುರುಕಬೇಡಿ, ರಕ್ತ ಹರಿಯದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಬೆರಳು ಬೆಳ್ಳಗಾಗಿ ಮರಗಟ್ಟಿದರೆ ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಸುಡುವುದು ಆ ಬೆರಳಿಗೆ ತಿಳಿಯುವುದೇ ಇಲ್ಲ. ಮಗುವಿನ ಸ್ನಾನದ ನೀರಿನಷ್ಟು, ಅಂದರೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿಡಬೇಕು. ಮತ್ತೆ ಚಳಿಗೆ ಹೋಗುವುದಿದ್ದರೆ ಮಾತ್ರ ಕರಗಿಸುವುದೇ ಬೇಡ, ಕರಗಿ ಪುನಃ ಹೆಪ್ಪುಗಟ್ಟಿದರೆ ಹಾನಿ ಹೆಚ್ಚು. ಒಂದು ಪೆಗ್ ಹಾಕಿದರೆ ಚಳಿ ಹೋಗುತ್ತದೆ ಎನ್ನುವ ಅಜ್ಜಂದಿರಿಗೆ: ಮದ್ಯ ಚರ್ಮದ ರಕ್ತನಾಳಗಳನ್ನು ತೆರೆಯುತ್ತದೆ. ಕೆನ್ನೆ ಬೆಚ್ಚಗಾದಂತೆ ಕಾಣುತ್ತದೆ, ಹೆಡ್ ಆಫೀಸಿನ ಬಾಕಿ ಹೊರಗೆ ಹರಿದುಹೋಗುತ್ತಿರುತ್ತದೆ.

ಸಿದ್ಧತೆ ಇಲ್ಲದ ಊರಿಗೆ ಚಳಿ ಬಂದರೆ ಏನಾಗುತ್ತದೆ ಎನ್ನುವುದಕ್ಕೆ 2021ರ ಫೆಬ್ರವರಿಯ ಟೆಕ್ಸಾಸ್ ನೋಡಿ. ಅದು ಬಿಸಿಲಿನ ರಾಜ್ಯ. ಹಿಮದ ಗಾಳಿ ಬಂದಾಗ ವಿದ್ಯುತ್ ಕೇಂದ್ರಗಳೇ ನಿಂತವು, 45 ಲಕ್ಷದಷ್ಟು ಮನೆಗಳು ಕತ್ತಲಾದವು. ನೀರು ಗಡ್ಡೆಯಾಗುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಗೋಡೆಯೊಳಗಿನ ಪೈಪುಗಳು ಒಡೆದವು. ಸರಕಾರದ ಲೆಕ್ಕದ ಪ್ರಕಾರ 246 ಜನ ಸತ್ತರು. ಹೆಚ್ಚಿನವರು ಚಳಿಗೆ, ಅದೂ ಮನೆಯೊಳಗೇ. ಕೆಲವರು ಸತ್ತದ್ದು ಬೆಚ್ಚಗಾಗಲೆಂದು ಮುಚ್ಚಿದ ಮನೆಯಲ್ಲಿ ಇದ್ದಿಲು ಉರಿಸಿ, ಗ್ಯಾರೇಜಿನಲ್ಲಿ ಕಾರು ಚಾಲು ಇಟ್ಟು.

ಈ ಕೊನೆಯ ಮಾತು ಅಮೆರಿಕಕ್ಕೆ ಮಾತ್ರ ಅಲ್ಲ. ಗಾಳಿ ಸಾಲದೆ ಉರಿದ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ. ತಲೆನೋವು, ಮಂಪರು, ಮತ್ತೆ ಏಳುವುದೇ ಇಲ್ಲ. ಚಳಿಗೆಂದು ಕೋಣೆಯಲ್ಲಿ ಕೆಂಡದ ಪಾತ್ರೆ ಇಟ್ಟು ಬಾಗಿಲು ಹಾಕಿ ಮಲಗಿದವರ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬರುತ್ತದೆ. ಕಿಟಕಿ ಇಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿದರೂ ಇದೇ ಅಪಾಯ. ಗೀಸರ್ ಹೊರಗಡೆ ಇರಲಿ, ಇಲ್ಲವೇ ಮೊದಲು ನೀರು ತುಂಬಿಸಿ, ಅದನ್ನು ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ.

ನಮ್ಮ ವಯಸ್ಸಿನವರಿಗೆ ಇನ್ನೊಂದು ತೊಂದರೆ. ವಯಸ್ಸಾದ ಮೈ ಚೆನ್ನಾಗಿ ನಡುಗುವುದಿಲ್ಲ, ಚಳಿಯಾದದ್ದು ಬೇಗ ತಿಳಿಯುವುದೂ ಇಲ್ಲ. ರಕ್ತನಾಳ ಬಿಗಿದು ಒತ್ತಡ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಚಳಿಯ ದೇಶಗಳಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎನ್ನುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಬಿಸಿನೀರಿನ ಚೀಲವನ್ನು ನೇರ ಪಾದಕ್ಕೆ ಇಡಬೇಡಿ, ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ. ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಯಿರಿ. ಹೊರಗೆ ಹೋಗುವುದಿದ್ದರೆ ಮನೆಯವರಿಗೆ ಹೇಳಿ ಹೋಗಿ.

ಮಕ್ಕಳಿಗೆ ಈ ವಾರ ಒಂದು ಕೆಲಸ. ಅಮ್ಮನ ಹತ್ತಿರ ಮೂರು ಒಂದೇ ಅಳತೆಯ ಸ್ಟೀಲ್ ಲೋಟ ಕೇಳಿ. ದೊಡ್ಡವರ ಕೈಯಲ್ಲಿ ಮೂರಕ್ಕೂ ಸಮ ಬಿಸಿನೀರು ಹಾಕಿಸಿ, ತಟ್ಟೆ ಮುಚ್ಚಿ. ಒಂದಕ್ಕೆ ಏನೂ ಸುತ್ತಬೇಡಿ. ಇನ್ನೊಂದಕ್ಕೆ ಅಜ್ಜನ ಒಣ ಉಣ್ಣೆ ಮಫ್ಲರ್ ಸುತ್ತಿ. ಮೂರನೆಯದಕ್ಕೆ ಒದ್ದೆ ಹತ್ತಿ ಬೈರಾಸು ಸುತ್ತಿ. ಮೂರನ್ನೂ ಫ್ಯಾನಿನ ಕೆಳಗೆ ಇಪ್ಪತ್ತು ನಿಮಿಷ ಇಡಿ. ತೆಗೆಯುವ ಮೊದಲು ಯಾವುದು ಎಷ್ಟು ಬಿಸಿ ಉಳಿದಿರಬಹುದೆಂದು ಅಜ್ಜ ಒಂದು ಚೀಟಿಯಲ್ಲಿ, ನೀವು ಒಂದು ಚೀಟಿಯಲ್ಲಿ ಬರೆದಿಡಿ, ಆಮೇಲೆ ಬೆರಳಿಟ್ಟು ನೋಡಿ.